ಏಕತಾರಿಯ ಪಕ್ಕದಲ್ಲಿ ಗಿಟಾರ್

ಢಾಕಾದ 'ಬಾಂಗ್ಲಾ' ಸಂಗೀತ ತಂಡವು 2002ರಲ್ಲಿ ಹೊರತಂದ ತನ್ನ ಮೊದಲ ಆಲ್ಬಮ್ 'ಕಿಂಕರ್ತವ್ಯವಿಮೂಢ'ವನ್ನು ಇಂದು ಮತ್ತೆ ಕೇಳುತ್ತಿದ್ದೇನೆ. 1890ರಲ್ಲಿ ತೀರಿಕೊಂಡ ಕುಷ್ಟಿಯಾದ ಸಂತಕವಿ ಲಾಲನ್ ಫಕೀರರ ಪದಗಳನ್ನು ತಂಡದ ಗಾಯಕಿ ಆನುಶೇಹ್ ಅನಾದಿಲ್ ಎದೆದುಂಬಿ ಹಾಡುವಾಗ, ಗಿಟಾರ್ ಮತ್ತು ಬೇಸ್ ಅವರ ದನಿಯನ್ನು ಮುಚ್ಚಿಹಾಕುವುದಿಲ್ಲ ಎಂಬುದೇ ನನಗೆ ಹೆಚ್ಚು ಮೆಚ್ಚುಗೆಯಾದ ಸಂಗತಿ.

ಲಾಲನ್‌ರಂತಹ ಬಾವುಲರ, ಅಂದರೆ ಬಂಗಾಳದ ಅಲೆಮಾರಿ ಅನುಭಾವಿ ಹಾಡುಗಾರರ, ಒಂಟಿ ತಂತಿಯ ಏಕತಾರಿ ಒಂದೇ ಸ್ವರವನ್ನು ಹಿಡಿದು ನಿಲ್ಲುವುದರಿಂದ ಹಾಡುಗಾರನಿಗೆ ಎಲ್ಲಿ ಬೇಕಾದರೂ ತಂಗುವ, ಎಳೆಯುವ ಸ್ವಾತಂತ್ರ್ಯವಿರುತ್ತದೆ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ ಪಾಶ್ಚಾತ್ಯ ಕಾರ್ಡ್‌ಗಳಾದರೋ ಹೆಜ್ಜೆಹೆಜ್ಜೆಗೂ ಬದಲಾಗುತ್ತ ರಾಗವನ್ನು ತಮ್ಮ ದಾರಿಗೆ ಎಳೆದುಕೊಳ್ಳುತ್ತವೆ. ಜನಪದ ಮತ್ತು ಪಾಶ್ಚಾತ್ಯ ಸಂಗೀತಗಳ ಬೆಸುಗೆಯ (ಫ್ಯೂಷನ್) ಹೆಸರಿನಲ್ಲಿ ಬರುವ ಎಷ್ಟೋ ಆಲ್ಬಮ್‌ಗಳು (ಅವುಗಳ ಅಬ್ಬರದ ಡ್ರಮ್ಸ್ ಬಗ್ಗೆ ಹೇಳದಿರುವುದೇ ಲೇಸು) ಎಡವುವುದು ಇಲ್ಲಿಯೇ. ಶಾಂತಿನಿಕೇತನದಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯ ಎಸ್ರಾಜ್ ಕಲಿತ ಅರ್ಣಬ್ ಈ ತಂಡದಲ್ಲಿದ್ದುದರಿಂದಲೇ ಇಂತಹ ಸಂಯಮ ಸಾಧ್ಯವಾಯಿತೇನೋ ಎಂದು ನನಗನ್ನಿಸುತ್ತದೆ.