ಸ್ಪರ್‌ಫೌಲ್ ಕೇಳಿದವರನ್ನು ಮೊದಲು ಕೂರಿಸಬೇಕು

ಗೋವಾದ ಮೊಲ್ಲೆಂನಲ್ಲಿ ಹಕ್ಕಿ ನೋಡಲು ಬರುವವರನ್ನು ಕಾಡಿಗೆ ಕರೆದೊಯ್ಯುವುದು ನನ್ನ ಕೆಲಸ. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಬಂದರೆ ಮಾತೆಲ್ಲ ಕನ್ನಡದಲ್ಲೇ. ಹೊಸಬರಿಗೆ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿ ಕಂಡರೆ ಸಾಕು. ಪಳಗಿದವರು ಮಾತ್ರ ಕೆಂಪು ಸ್ಪರ್‌ಫೌಲ್ ಎಂಬ ಕೋಳಿಯಂಥ ಕಾಡುಹಕ್ಕಿಯನ್ನು ತೋರಿಸಿ ಅನ್ನುತ್ತಾರೆ. ಆ ದಿನ ನಡಿಗೆ ಕಡಿಮೆ.

ಇದು ನಾಟಿಕೋಳಿಗಿಂತ ಚಿಕ್ಕದು, ಉದ್ದ ಹೆಚ್ಚೆಂದರೆ 38 ಸೆಂ.ಮೀ. ಗಂಡಿನ ಮೈ ಕೆಂಗಂದು, ತಲೆ ಬೂದು, ಕಣ್ಣಿನ ಸುತ್ತ ಪುಕ್ಕವಿಲ್ಲದ ಕೆಂಪು ಚರ್ಮ, ಕಾಲೂ ಕೆಂಪು. ಹೆಣ್ಣಿನ ಮೈಮೇಲೆ ಕಪ್ಪು ಗುರುತುಗಳು. ಗಂಡಿನ ಒಂದೇ ಕಾಲಲ್ಲಿ ಎರಡೋ ಮೂರೋ ಮುಳ್ಳು, ಹೆಣ್ಣಿಗೂ ಇರುವುದುಂಟು. ಬೆಳಗಾದರೆ ರಸ್ತೆಯಂಚಿಗೇ ಬಂದು ಮೇಯುವ ಕಾಡುಕೋಳಿ ಹುಂಜವನ್ನು ಕಂಡು 'ಅದೇ, ಅದೇ' ಎಂದು ಕ್ಯಾಮೆರಾ ಎತ್ತುವವರೂ ಇದ್ದಾರೆ. ಅದರ ಬಾಗಿದ ಕಪ್ಪು ಬಾಲ, ಕತ್ತಿನ ಹಳದಿ ಚುಕ್ಕೆ ಇದಕ್ಕಿಲ್ಲ. ಆ ಧೈರ್ಯವೂ ಇಲ್ಲ.

ಬಿದಿರುಮೆಳೆ, ಒತ್ತಾದ ಪೊದೆ, ಕೆಳಗೆ ತರಗೆಲೆ ಇರುವ ಜಾಗ ಇದಕ್ಕಿಷ್ಟ. ಜೋಡಿಯಾಗಿಯೋ ನಾಲ್ಕೈದರ ಗುಂಪಾಗಿಯೋ ನೆಲ ಕೆರೆದು ಬೀಜ, ಹಣ್ಣು, ಹುಳು ತಿನ್ನುತ್ತದೆ. ಸುಳಿವು ಸಿಕ್ಕರೆ ಹಾರುವುದಿಲ್ಲ, ಪೊದೆಯೊಳಗೆ ಓಡುತ್ತದೆ. ತೀರಾ ಹತ್ತಿರ ಹೋದರಷ್ಟೇ ರೆಕ್ಕೆ ಬಿಚ್ಚುವುದು. ರಾತ್ರಿ ಮಾತ್ರ ಮರದ ಮೇಲೆ.

ಹೀಗಾಗಿ ಹುಡುಕಿಕೊಂಡು ನಡೆದಷ್ಟೂ ಅದು ದೂರವಾಗುತ್ತದೆ. ಮೆಳೆಗೆ ಎದುರಾಗಿ ಕೂತು ತರಗೆಲೆಯ ಸದ್ದು ಕೇಳಬೇಕು. ಹರಟೆಮಲ್ಲ ಹಕ್ಕಿಗಳಾದರೆ ಸದ್ದಿನ ಜೊತೆ ಗಲಾಟೆಯೂ ಇರುತ್ತದೆ. ಹಲ್ಲಿ, ಓತಿ ಸರಕ್ಕನೆ ಹರಿದು ನಿಂತುಬಿಡುತ್ತವೆ. ಸ್ಪರ್‌ಫೌಲ್‌ನದು ಕೆರೆತ: ಎರಡು ಸಲ ಪರಪರ, ಆಮೇಲೆ ಮೌನ, ಮತ್ತೆ ಪರಪರ. ಈ ಮೌನದಲ್ಲೇ ಅತಿಥಿಗಳಿಗೆ ತಾಳ್ಮೆ ತಪ್ಪುವುದು.

"ಎಷ್ಟೊತ್ತರೀ ಹಿಂಗ ಕುಂದ್ರೋದು?"

"ಇನ್ನೊಂಚೂರು ಸರ್. ಫೋನ್ ಒಳಗಿಡ್ರಿ."

ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಸಿ ಎಂದು ಒತ್ತಾಯಿಸುವವರಿದ್ದಾರೆ. ನಾನು ಹಾಕುವುದಿಲ್ಲ. ಜನವರಿಯಿಂದ ಜೂನ್‌ವರೆಗೆ ಹೆಚ್ಚಾಗಿ ಮೊಟ್ಟೆ ಇಡುವ ಕಾಲ, ಗೂಡು ನೆಲದ ಮೇಲೆಯೇ. ನಮ್ಮಲ್ಲಿಗೆ ಜನ ಹೆಚ್ಚಾಗಿ ಬರುವ ತಿಂಗಳುಗಳೂ ಅದರಲ್ಲೇ ಸೇರಿವೆ. ಮೊಬೈಲಿನ ಕೂಗನ್ನು ಇನ್ನೊಂದು ಗಂಡಿನದೆಂದು ನಂಬಿ, ಇಲ್ಲದ ಎದುರಾಳಿಯನ್ನು ಹುಡುಕುತ್ತ ಗಂಡು ಅಲೆಯುವುದು ಯಾರ ಫೋಟೋಕ್ಕಾಗಿ?

ಇದನ್ನೆಲ್ಲ ಹಿಂದಿನ ರಾತ್ರಿ ಊಟದ ಹೊತ್ತಿಗೇ ಹೇಳಿಬಿಡುತ್ತೇನೆ. ಸದ್ದಷ್ಟೇ ಕೇಳಿ ವಾಪಸಾಗುವ ದಿನಗಳೂ ಉಂಟು, ಆ ದಿನಕ್ಕೂ ದುಡ್ಡು ಅಷ್ಟೇ ಎಂದೂ ಸೇರಿಸುತ್ತೇನೆ. ಒಪ್ಪದವರಿಗೆ ಮಂಗಟ್ಟೆ ಇದ್ದೇ ಇದೆ.