ಫರ್ಸಿ ಕಲ್ಲಿನಲ್ಲಿ ಕಪ್ಪೆಚಿಪ್ಪಿನ ಬಿಲ: ಗೋಡೆ ಕಡೆಗೂ ನುಣುಪಾಯಿತು

ಕಲ್ಲಿನೊಳಗೆ ಕೂರುವ ಕಪ್ಪೆಚಿಪ್ಪಿನ ಮಾಡೆಲ್ ಇದು. ಚಿಪ್ಪಿನ ಅಚ್ಚು, ಎಪಾಕ್ಸಿ, ಬಣ್ಣ ಎಲ್ಲ ಮುಗಿದಿದೆ, ಅದರಲ್ಲಿ ಹೊಸದೇನಿಲ್ಲ. ಜೀವ ತಿಂದದ್ದು ಬಿಲ.

ಟ್ರೈಡ್ಯಾಕ್ನಾ ಕ್ರೋಸಿಯಾ ಹವಳದ ಬಂಡೆಯ ಮೇಲೆ ಕೂರುವುದಿಲ್ಲ, ಒಳಗೆ ಕೊರೆದು ಕೂರುತ್ತದೆ. ದೈತ್ಯ ಕಪ್ಪೆಚಿಪ್ಪುಗಳ ಮನೆತನದ ಗಿಡ್ಡ ಇದು, 15 ಸೆಂ.ಮೀ. ದಾಟುವುದು ಅಪರೂಪ. ಕೀಲು ಕೆಳಗೆ, ಬಣ್ಣದ ಮ್ಯಾಂಟಲ್ (ಚಿಪ್ಪಿನೊಳಗಿನ ಮೆತ್ತನೆ ಮೈಹೊದಿಕೆ) ಮಾತ್ರ ಮೇಲೆ, ಕಲ್ಲಿನ ಮಟ್ಟಕ್ಕೆ ಸಮ. ಸುತ್ತ ಸಂದು ಕಂಡರೆ ಮಾಡೆಲ್ ಕೆಟ್ಟಂತೆ.

ಹವಳದ ಬಂಡೆಯ ಹಾಗೆ ಫರ್ಸಿ, ಅಂದರೆ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ, ಆದರೆ ಪದರು ಪದರು. 8 ಸೆಂ.ಮೀ. ಉದ್ದದ ಮಾಡೆಲ್‌ಗೆ 3 ಇಂಚು ದಪ್ಪದ ತುಂಡು ಬೇಕು. ಕಲ್ಲು ಮಾರುವ ಅಡ್ಡೆಯಲ್ಲಿ 'ಮೂರಿಂಚು' ಅಂತ ಕೊಟ್ಟದ್ದನ್ನು ಟೇಪ್ ಹಿಡಿದು ಅಳೆಯಿರಿ, ಎರಡೂವರೆ ಬಂದರೆ ನಿಮ್ಮ ಪುಣ್ಯ. ಡ್ರಿಲ್‌ನ ಹ್ಯಾಮರ್ ಬಂದ್ ಇರಲಿ, ಇಲ್ಲದಿದ್ದರೆ ಪದರು ಎದ್ದು ಬರುತ್ತದೆ. ನೀರು ಹನಿಸುತ್ತಾ 10 ಎಂ.ಎಂ. ಬಿಟ್‌ನಿಂದ ಸಾಲು ತೂತು, ನಡುವಿನದ್ದಕ್ಕೆ ಸಣ್ಣ ಉಳಿ.

ತಕರಾರು ಶುರುವಾಗುವುದು ಆಮೇಲೆ, ಗೋಡೆ ನುಣುಪು ಮಾಡುವಾಗ. ಐದು ಪಾಲು ನೀರಿಗೆ ಒಂದು ಪಾಲು ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿದರೆ (ಆ್ಯಸಿಡ್‌ಗೆ ನೀರಲ್ಲ!) ಸುಣ್ಣ ಕರಗುತ್ತದೆ, ಜೇಡಿಯ ಪದರು ಹಾಗೇ ನಿಲ್ಲುತ್ತದೆ. ಗೋಡೆ ಮೆಟ್ಟಿಲು ಮೆಟ್ಟಿಲು. ನಿಂಬೆ ಉಪ್ಪು ಇನ್ನೂ ದಂಡ: ಕ್ಯಾಲ್ಸಿಯಂ ಸಿಟ್ರೇಟ್ ಬಿಳಿ ಹೊಪ್ಪಳೆಯಾಗಿ ಅಂಟಿಕೊಂಡು ಕೆಲಸವನ್ನೇ ನಿಲ್ಲಿಸುತ್ತದೆ. ಬಾಟಲಿ ಆ್ಯಸಿಡ್ ಕೆಲವು ಅಂಗಡಿಗಳದ್ದು ಎಷ್ಟು ನೀರೆಂದರೆ ನೊರೆಯೂ ಬರುವುದಿಲ್ಲ.

ದಾರಿ ತೋರಿಸಿದ್ದು ಜೀವಂತ ಚಿಪ್ಪೇ. ಅದರ ಕಾಲಿನ ಬದಿಯ ಮ್ಯಾಂಟಲ್ ಆಮ್ಲ ಒಸರಿಸುತ್ತದೆ ಎಂದು 2018ರ ಸಂಶೋಧನೆ ತೋರಿಸಿದೆ. ಮೆತ್ತಗಾದ ಕಲ್ಲನ್ನು ಚಿಪ್ಪು ಅಲುಗಾಡಿ ಉಜ್ಜಿ ತೆಗೆಯುತ್ತದೆ. ಅಂದರೆ ಆಮ್ಲವೂ ಬೇಕು, ಉಜ್ಜುವುದೂ ಬೇಕು.

ಹಾಗಾಗಿ ಅದೇ ಅಚ್ಚಿನಿಂದ ಇನ್ನೊಂದು ಚಿಪ್ಪು ಎರೆದು, ಹಿಡಿಕೆಗೆ ಮೇಲಿಂದ ಸ್ಟೇನ್‌ಲೆಸ್ ಬೋಲ್ಟ್ ಕೂರಿಸಿ (ಸಾದಾ ಕಬ್ಬಿಣ ವಿನೆಗರ್‌ಗೆ ತುಕ್ಕು ಹಿಡಿದು ಕಲ್ಲಿಗೆ ಕೆಂಪು ಕಲೆ ಬಿಡುತ್ತದೆ), ಹೊರಮೈಗೆ 120 ನಂಬರಿನ ವಾಟರ್ ಪೇಪರ್ ಅಂಟಿಸಿದ್ದಾಯಿತು. ಬಿಲಕ್ಕೆ ವಿನೆಗರ್, ಹತ್ತು ನಿಮಿಷ ನೆನೆ, ಆಮೇಲೆ ತೊಟ್ಟಿಲು ತೂಗಿದ ಹಾಗೆ ಆಚೀಚೆ. ತಿರುಗಿಸಬಾರದು, ಬಿಲ ದುಂಡಗಾಗಿಬಿಡುತ್ತದೆ. ಬೂದು ಕೆಸರನ್ನು ಹಳೇ ಟೂತ್‌ಬ್ರಷ್‌ನಿಂದ ತೊಳೆದು ಮತ್ತೆ ವಿನೆಗರ್. ಮೆಟ್ಟಿಲು ಸವೆದವು, ಕಾಗದದ ದಪ್ಪದಷ್ಟೇ ಸಂದು ಉಳಿಯಿತು. ಕೊನೆಗೆ ಅಡುಗೆ ಸೋಡಾ ನೀರು ಹಾಕಿ ತೊಳೆಯದಿದ್ದರೆ ಉಳಿದ ಆಮ್ಲ ಒಳಗೇ ತಿನ್ನುತ್ತಿರುತ್ತದೆ.

ಮುಂದಿನದು ಬಿದರಿ, ಬೀದರಿನ ಬೆಳ್ಳಿ ಕುಸುರಿ! ಮ್ಯಾಂಟಲ್‌ನ ಹೊಳೆಯುವ ಚುಕ್ಕೆಗಳಿಗೆ ಬಣ್ಣಕ್ಕಿಂತ ಬೆಳ್ಳಿ ತಂತಿ ಚೆಂದ. ಸತು-ತಾಮ್ರದ ಎರಕ, ಕಪ್ಪು ಮಾಡಲು ಬೀದರ್ ಕೋಟೆ ಮಣ್ಣು, ನವಸಾಗರ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಇರುತ್ತದೆ. ಅಲೆಅಲೆಯಾದ ಅಂಚಿನಲ್ಲಿ ತಂತಿ ಕೂರುವ ಗೀರು ಕೊರೆಯುವುದೇ ಕಷ್ಟ, ಮೊದಲು ಚಪ್ಪಟೆ ತುಂಡಿನ ಮೇಲೆ ಪ್ರಯೋಗ.