ಬೋಟು ದಡದಲ್ಲಿರುವ ಎರಡು ತಿಂಗಳು: ನಮ್ಮ ಮನೆಯ ಟೆನ್ಶನ್ ಪುಸ್ತಕ

ಜೂನ್ ಮೊದಲ ವಾರ

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಒಟ್ಟು 61 ದಿನ. ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಆಳಸಮುದ್ರಕ್ಕೆ ಹೋದರೆ ವಾರಗಟ್ಟಲೆ ಕಾಣದ ನಮ್ಮವರು, ಅಂದರೆ ನನ್ನ ಗಂಡ, ಈಗ ಇಡೀ ದಿನ ಮನೆಯಲ್ಲಿ. ಬಲೆ ರಿಪೇರಿ ಇದ್ದ ದಿನ ಮಾತ್ರ ಬಂದರಿಗೆ ಹೋಗಿಬರುತ್ತಾರೆ. ಮೀನಿನ ಪಾಲಿನ ಹಣ ಬರುವುದಿಲ್ಲ. ಶಾಲೆ ಶುರುವಾಗುವುದೂ ಇದೇ ಹೊತ್ತಿಗೆ. ಫೀಸು, ಪುಸ್ತಕ, ಕೊಡೆ ಎಲ್ಲ ಒಟ್ಟಿಗೆ ಬರುತ್ತದೆ. ಸಂಘದ ಕಂತು ವಾರ ವಾರ ಕಟ್ಟಲೇಬೇಕು. ಹಾಗಾಗಿ ಈ ಎರಡು ತಿಂಗಳು ನಮ್ಮಲ್ಲಿ ಮಾತಿಗೆ ಮಾತು ಜಾಸ್ತಿ. ಆಚೆ ಈಚೆ ಮನೆಯವರೂ ಅದನ್ನೇ ಹೇಳುತ್ತಾರೆ.

ಯಾರ ಸ್ವಭಾವ ಸರಿ ಇಲ್ಲ ಎಂದು ಹುಡುಕಿ ಪ್ರಯೋಜನ ಇಲ್ಲ. ಟೆನ್ಶನ್ ಯಾವ ಹೊತ್ತಿಗೆ, ಯಾವುದರಿಂದ ಬರುತ್ತದೆ ಎಂದು ಬರೆದಿಟ್ಟು ನೋಡೋಣ ಅಂತ ಈ ಸಲ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ಅಡುಗೆಮನೆಯ ಕಿಟಕಿ ಹತ್ತಿರ, ಪೆನ್ನಿಗೆ ದಾರ ಕಟ್ಟಿ. ಎಷ್ಟು ಗಂಟೆಗೆ, ಏನಾಯ್ತು, ಮೈಯಲ್ಲಿ ಎಲ್ಲಿ ಗೊತ್ತಾಯ್ತು, ಹತ್ತಕ್ಕೆ ಎಷ್ಟು ಜೋರು. ಯಾರಿಂದ ಆಯ್ತು ಎಂದು ಬರೆಯಲು ಜಾಗವನ್ನೇ ಇಟ್ಟಿಲ್ಲ.

"ನನಗೆಂತ ಟೆನ್ಶನ್ ಮಾರಾಯ್ತಿ" ಅಂದರು ಅತ್ತೆ. ಆದರೆ ಮೈಯಲ್ಲಿ ಎಲ್ಲಿ ಎಂದು ಕೇಳಿದಾಗ ಕುತ್ತಿಗೆಯ ಹಿಂದೆ ಕೈ ಇಟ್ಟರು. ಇವರಿಗೆ ಹೊಟ್ಟೆ. ನನಗೆ ದವಡೆ ಬಿಗಿಯುತ್ತದೆ. ಮನಸ್ಸಿಗೆ ಏನಾಗಿದೆ ಎಂದರೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಎಲ್ಲಿ ನೋವು ಎಂದರೆ ಹೇಳುತ್ತಾರೆ ಅಲ್ವಾ. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿ ಇಲಿಗಳ ಬಗ್ಗೆ ಬರೆದದ್ದೂ ಇದಕ್ಕೆ ಹತ್ತಿರವೇ. ಚಳಿ, ಗಾಯ, ಅತಿಯಾದ ಶ್ರಮ, ಕಾರಣ ಯಾವುದೇ ಇರಲಿ, ಮೈ ಹೆಚ್ಚುಕಡಿಮೆ ಒಂದೇ ರೀತಿ ಕೆಡುತ್ತಿತ್ತು. ಹೊಟ್ಟೆಯಲ್ಲಿ ಹುಣ್ಣೂ ಆಗುತ್ತಿತ್ತು. ಇದನ್ನು ಓದಿ ಹೇಳಿದ ಮೇಲೆ ಇವರು ತಾವಾಗಿಯೇ ಬರೆಯಲು ಶುರು ಮಾಡಿದರು.

ಜೂನ್ ಕೊನೆ

ಪುಟ ತಿರುಗಿಸಿದರೆ ದೊಡ್ಡ ಅಂಕಗಳೆಲ್ಲ ಎರಡೇ ಕಡೆ ಗುಂಪಾಗಿವೆ. ಒಂದು, ಸಂಘದ ಕಂತಿನ ಹಿಂದಿನ ರಾತ್ರಿ. ಇನ್ನೊಂದು, ನಾನು ಅಂಗಡಿಯಿಂದ ಬಂದ ಮೊದಲ ಅರ್ಧ ಗಂಟೆ. ಇದು ನಾನು ನೆನೆಸಿಯೇ ಇರಲಿಲ್ಲ. ಮಳೆಗೆ ಉಡುಪಿಯ ಕರಾವಳಿ ಜಂಕ್ಷನ್‌ನಲ್ಲಿ ಬಸ್ಸು ನಿಂತು ನಿಂತು ಬರುತ್ತದೆ. ಸೀರೆ ಅಂಗಡಿಯ ಕೌಂಟರಿನಲ್ಲಿ ಬೆಳಗಿನಿಂದ ಮಾತಾಡಿ ಬಂದವಳು ನಾನು. ಮಾತಿಗೆ ಜನ ಇಲ್ಲದೆ ಬೆಳಗಿನಿಂದ ಕುಳಿತವರು ಇವರು. ಚಪ್ಪಲಿ ಬಿಡುವಷ್ಟರಲ್ಲಿ ಫೀಸಿನ ವಿಷಯ ಬರುತ್ತದೆ.

ಹೋಮ್ಸ್ ಮತ್ತು ರಾಹೆ ಎಂಬ ಇಬ್ಬರು ಅಮೆರಿಕದ ವೈದ್ಯರು 1967ರಲ್ಲಿ ಬದುಕಿನಲ್ಲಿ ಟೆನ್ಶನ್ ತರುವ 43 ಘಟನೆಗಳ ಒಂದು ಪಟ್ಟಿ ಮಾಡಿದ್ದಾರೆ. ಪ್ರತಿಯೊಂದಕ್ಕೂ ಅಂಕ ಉಂಟು. ಸಂಗಾತಿಯ ಸಾವಿಗೆ 100, ಮದುವೆಗೆ 50, ಹಣದ ಸ್ಥಿತಿ ಬದಲಾದರೆ 38. ರಜೆಗೂ 13! ರಜೆಗೆ ಯಾಕೆ ಎಂದು ಇವರು ಕೇಳಿದರು. ಒಳ್ಳೆಯದಿರಲಿ, ಕೆಟ್ಟದ್ದಿರಲಿ, ದಿನದ ಕ್ರಮ ಬದಲಾದರೆ ಮೈಮನಸ್ಸು ಅದಕ್ಕೆ ಹೊಂದಿಕೊಳ್ಳಬೇಕು, ಆ ಕೆಲಸಕ್ಕೇ ಅಂಕ. ಅಮೆರಿಕದ ಪಟ್ಟಿ ನಮಗೆ ಪೂರ್ತಿ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಒಂದೇ ಘಟನೆ ಒಬ್ಬರಿಗೆ ಭಾರ, ಇನ್ನೊಬ್ಬರಿಗೆ ಏನೂ ಅಲ್ಲ. ಆದರೂ ಸಣ್ಣ ಸಣ್ಣ ಬದಲಾವಣೆಗಳನ್ನು ಕೂಡಿಸಿ ನೋಡಬೇಕು ಎನ್ನುವುದು ನನಗೆ ತುಂಬಾ ಹಿಡಿಸಿತು. ನಮ್ಮ ಮನೆಯಲ್ಲಿ ಎಲ್ಲರ ದಿನವೂ ಜೂನ್ 1ಕ್ಕೆ ಒಟ್ಟಿಗೆ ಬದಲಾಗುತ್ತದೆ.

ಜುಲೈ

ಈಗ ಹಣದ ಮಾತು ಭಾನುವಾರ ಬೆಳಿಗ್ಗೆ ಗಂಜಿ ಊಟ ಆದ ಮೇಲೆ ಮಾತ್ರ. ಬೇರೆ ದಿನ ನೆನಪಾದರೆ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡುವುದು. ಎಲ್ಲದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಕಂತಿನ ಹಿಂದಿನ ರಾತ್ರಿಗೆ ಎಂಟು, ಒಂಬತ್ತು ಬರೆಯುತ್ತಿದ್ದವರು ಈಗ ನಾಲ್ಕು, ಐದು ಬರೆಯುತ್ತೇವೆ. ಹಣ ಒಂದು ರೂಪಾಯಿಯೂ ಹೆಚ್ಚಾಗಿಲ್ಲ. ಅದರ ಮಾತಿಗೆ ಒಂದು ಹೊತ್ತು ಗೊತ್ತಾಗಿದೆ ಅಷ್ಟೇ.

ಜಗಳ ಏರಿದಾಗ ಎದ್ದುಹೋಗುವುದನ್ನೂ ಕಲಿತೆವು. ಗಂಡ ಹೆಂಡತಿ ಜಗಳಗಳನ್ನೇ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳುವಂತೆ, ಎದೆಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಸರಿಯಾಗಿ ಕಿವಿಗೆ ಹೋಗುವುದಿಲ್ಲ. ಮೈ ತಣಿಯಲು ಕಡಿಮೆ ಎಂದರೂ 20 ನಿಮಿಷ ಬೇಕು. ಆದರೆ ಸುಮ್ನೆ ಎದ್ದು ಹೋದರೆ ಉಳಿದವರಿಗೆ ಇನ್ನೂ ಉರಿಯುತ್ತದೆ. "ಅರ್ಧ ಗಂಟೆ ಬಿಟ್ಟು ಬರ್ತೇನೆ" ಎಂದು ಹೇಳಿಯೇ ಹೋಗಬೇಕು, ಬರಲೂ ಬೇಕು. ಆ ಹೊತ್ತಿನಲ್ಲಿ ಮುಂದಿನ ಉತ್ತರ ಜೋಡಿಸುತ್ತಾ ಕೂತರೆ ಬಡಿತ ಇಳಿಯುವುದೇ ಇಲ್ಲ. ಇವರು ಜಗಲಿಯಲ್ಲಿ ಬಲೆ ಹಿಡಿದು ಕೂರುತ್ತಾರೆ. ಕೈಗೆ ಕೆಲಸ ಸಿಕ್ಕರೆ ತಲೆ ತಾನಾಗಿ ನಿಲ್ಲುತ್ತದೆ ಎನ್ನುತ್ತಾರೆ.

ನನಗೆ ಉಸಿರು ಸಹಾಯ ಮಾಡುತ್ತದೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ನಿಮಿಷಕ್ಕೆ ಸುಮಾರು ಆರು ಉಸಿರಾಗುತ್ತದೆ. ಉಸಿರು ಬಿಡುವಾಗ ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರ ಎದೆಬಡಿತವನ್ನು ನಿಧಾನ ಮಾಡುತ್ತದೆ, ಅದಕ್ಕೇ ಬಿಡುವುದು ಉದ್ದ ಇರಬೇಕು. ಬಸ್ಸಿನಲ್ಲೇ ಮಾಡಿಕೊಂಡು ಬರುತ್ತೇನೆ. ಮನೆಗೆ ಬಂದ ಮೇಲೆ ಮೊದಲು ಚಹಾ, ಆಮೇಲೆ ಮಾತು.

ರಾತ್ರಿ ಹತ್ತರ ಮೇಲೆ ಮೊಬೈಲ್ ಬೇಡ ಎಂಬ ನಿಯಮ ನಿಲ್ಲಲಿಲ್ಲ.

ಅತ್ತೆಯ ನಿದ್ರೆಯೂ ಸರಿ ಆಗಿಲ್ಲ. ಗಾಳಿ ಜೋರಾದ ರಾತ್ರಿ ಮೂರು ಗಂಟೆಗೆ ಎದ್ದು ಕೂರುತ್ತಾರೆ, ಮಗ ಒಳಗೆ ಮಲಗಿದ್ದರೂ. ಎಷ್ಟೋ ವರ್ಷ ಕಡಲ ಕಡೆ ಕಿವಿ ಇಟ್ಟೇ ಮಲಗಿದವರು. ಇದು ಪುಸ್ತಕದಿಂದ ಹೋಗುವಂಥದ್ದಲ್ಲ. ಮುಂದಿನ ವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಸರಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ಬರೆದಿದ್ದೇನೆ. ಹಣ ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಫೋನ್ ಮಾಡಲು ಅತ್ತೆ ಇನ್ನೂ ಒಪ್ಪಿಲ್ಲ. ನಾನು ಒತ್ತಾಯ ಮಾಡಿಲ್ಲ, ಬಿಟ್ಟೂ ಇಲ್ಲ.

ಮುಂದೆ

ಆಗಸ್ಟ್‌ನಲ್ಲಿ ಬೋಟು ಹೊರಡುತ್ತದೆ. ಇವರಿಗೆ ಕಿಸೆಯಲ್ಲಿ ಹಿಡಿಯುವ ಪುಸ್ತಕ ತಂದಾಯ್ತು, ಪ್ಲಾಸ್ಟಿಕ್ ಕವರ್ ಹಾಕಿ, ಪೆನ್ನಿನ ಬದಲು ಪೆನ್ಸಿಲ್ ಕೊಟ್ಟು. ಎರಡಕ್ಕೂ ಇನ್ನೊಂದು ಗೆರೆ ಎಳೆದಿದ್ದೇನೆ: ಏನು ಮಾಡಿದ ಮೇಲೆ ಇಳಿಯಿತು. ಟ್ರಿಪ್ ಮುಗಿಸಿ ಮನೆಗೆ ಬಂದ ಮೊದಲ ದಿನ ಇಬ್ಬರ ಪುಟಗಳಲ್ಲಿ ಏನಿರುತ್ತದೆ ಎಂದು ನೋಡಬೇಕು. ಆ ದಿನವೂ ಒಂದು ಬದಲಾವಣೆಯೇ ಅಲ್ವಾ.